ಉಲ್ಲನ್ ಚಪ್ಪಲಿ ಸರಿ ಬರಲಿಲ್ಲವೇ? ಬಿಚ್ಚುವ ಮೊದಲು ಎಣಿಸಿ ನೋಡಿ

ಕಲಬುರಗಿಯಂಥ ಬಿಸಿಲೂರಿನಲ್ಲಿ ಉಲ್ಲನ್ ಚಪ್ಪಲಿ ಯಾರಿಗೆ ಬೇಕು ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. ಅವರು ಬರುವುದು ಮೇ ರಜೆಗೆ. ಎಳ್ಳ ಅಮಾವಾಸ್ಯೆಯ ಆಸುಪಾಸು, ನಸುಕಿನಲ್ಲೆದ್ದು ಶಹಾಬಾದ ಫರಸಿಯ ಪಡಸಾಲೆಗೆ ಬರಿಗಾಲಿಟ್ಟವರು ಹಾಗೆ ಕೇಳುವುದಿಲ್ಲ. ಬೀದರಿನಲ್ಲಂತೂ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಗಾಳಿಯ ಥಂಡಿ ತಡೆಯಬಹುದು, ಕಲ್ಲಿನ ಥಂಡಿ ಅಂಗಾಲಿನಿಂದ ಮೊಣಕಾಲಿಗೆ ಏರುತ್ತದೆ.

ಹೀಗಾಗಿ ನಮ್ಮ ಓಣಿಯಲ್ಲಿ ದೀಪಾವಳಿ ಮುಗಿದ ಕೂಡಲೇ ಕ್ರೋಶಾ ಕಡ್ಡಿಗಳು ಹೊರಬೀಳುತ್ತವೆ, ಹದಿನೈದು ದಿನಕ್ಕೆ ಒಬ್ಬೊಬ್ಬರೇ ಅರ್ಧ ಚಪ್ಪಲಿ ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. "ಅಕ್ಕಾ, ಇದು ಯಾಕ ಹಿಂಗಾತ್ರಿ? ಬಿಚ್ಚಿಬಿಡ್ಲೇನು?" ನನ್ನ ಉತ್ತರ ಯಾವಾಗಲೂ ಒಂದೇ: "ತಡಿ ಯವ್ವಾ, ಮೊದಲು ಎಣಿಸೋಣು." ಬಿಚ್ಚಿದರೆ ತಪ್ಪಿನ ಗುರುತೂ ದಾರದ ಜೊತೆ ಹೋಗುತ್ತದೆ, ಮತ್ತೆ ಹಾಕಿದಾಗ ಅದೇ ತಪ್ಪು ಅದೇ ಜಾಗದಲ್ಲಿ ಬರುತ್ತದೆ.

ಕೈಗೆ ಬೇಕಾದದ್ದು ಇಷ್ಟೇ: ಅಳತೆ ಟೇಪು, ನಾಲ್ಕು ಪಿನ್ನು, ಮೊಂಡ ತುದಿಯ ದಬ್ಬಣ, ಅಡುಗೆಮನೆಯ ಸಣ್ಣ ತಕ್ಕಡಿ, ಒಂದು ರಟ್ಟಿನ ಡಬ್ಬ. ಕಡ್ಡಿಯಿಂದ ಹಾಕುವ ಒಂದೊಂದು ಹೊಲಿಗೆಗೆ ನಮ್ಮ ಕಡೆ ಟಾಕಿ ಅನ್ನುತ್ತೇವೆ, ಇಲ್ಲೂ ಹಾಗೇ ಬರೆದಿದ್ದೇನೆ.

ಚಪ್ಪಲಿ ಕಾಲಿಗಿಂತ ದೊಡ್ಡದಾಯಿತು, ಇಲ್ಲವೇ ಕಾಲೇ ಹೋಗುತ್ತಿಲ್ಲ

ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಇದೇ. ಮೊದಲ ತಪಾಸಣೆಗೆ ಟೇಪು ಸಾಕು. ಹೆಣೆದ ಭಾಗವನ್ನು ಎಳೆಯದೆ ನೆಲದ ಮೇಲೆ ಹಾಸಿ, 10 ಸೆಂ.ಮೀ. ಅಗಲದಲ್ಲಿ ಎಷ್ಟು ಟಾಕಿ ಇವೆ ಎಣಿಸಿ. ಅಂಚಿನಲ್ಲಿ ಬೇಡ, ನಡುವೆ ಎಣಿಸಿ.

ಒಂದು ಲೆಕ್ಕ ಹೇಳುತ್ತೇನೆ. ಬೆರಳಿನ ಬುಡದಲ್ಲಿ ಪಾದದ ಸುತ್ತಳತೆ 23 ಸೆಂ.ಮೀ. ಇದೆ ಎನ್ನಿ. ಉಲ್ಲನ್ ಹಿಗ್ಗುವ ವಸ್ತು, ಚಪ್ಪಲಿ ಕಾಲಿಗಿಂತ ತುಸು ಸಣ್ಣದಿದ್ದರೇ ಕಾಲನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ 21 ಸೆಂ.ಮೀ. ಸಾಕು. 10 ಸೆಂ.ಮೀ.ಗೆ 17 ಟಾಕಿ ಬೀಳುವ ಕೈಯಾದರೆ 36 ಟಾಕಿ ಹಾಕಿದಾಗ ಹೆಚ್ಚುಕಡಿಮೆ 21 ಸೆಂ.ಮೀ. ಆಗುತ್ತದೆ. ಅದೇ 36 ಟಾಕಿಯನ್ನು ಸಡಿಲು ಕೈಯವರು ಹಾಕಿ, 10 ಸೆಂ.ಮೀ.ಗೆ 15 ಮಾತ್ರ ಬಿದ್ದರೆ 24 ಸೆಂ.ಮೀ. ಬಿಗಿ ಕೈಯವರಿಗೆ 19 ಬಿದ್ದರೆ 19 ಸೆಂ.ಮೀ. ಕೂಡ ತುಂಬುವುದಿಲ್ಲ. ಮಾದರಿ ಒಂದೇ, ದಾರ ಒಂದೇ, ಎಣಿಕೆಯೂ ಒಂದೇ; ಆದರೂ ಒಬ್ಬರದು ಅತ್ತೆಗೆ, ಇನ್ನೊಬ್ಬರದು ಮೊಮ್ಮಗಳಿಗೆ.

ಸಡಿಲಾಗಿದ್ದರೆ ಕೈ ಬಿಗಿ ಮಾಡಲು ಹೋಗಬೇಡಿ, ನಾಲ್ಕು ಸಾಲಿಗೆ ಮರೆತುಹೋಗುತ್ತದೆ, ಮಣಿಕಟ್ಟೂ ನೋಯುತ್ತದೆ. ಅರ್ಧ ಮಿಲಿಮೀಟರ್ ಸಣ್ಣ ಕಡ್ಡಿ ತೆಗೆದುಕೊಳ್ಳಿ. ಬಿಗಿಯಾಗಿದ್ದರೆ ಅರ್ಧ ದೊಡ್ಡದು.

ಕಡ್ಡಿಯ ನಂಬರೇ ಮೋಸ ಮಾಡುವುದುಂಟು. ಅಮೆರಿಕದ ಲೆಕ್ಕದಲ್ಲಿ ಎಚ್-8 ಎಂದರೆ 5 ಮಿ.ಮೀ., ಇಂಗ್ಲೆಂಡಿನ ಹಳೆ ಲೆಕ್ಕದಲ್ಲಿ 8 ಎಂದರೆ 4 ಮಿ.ಮೀ. ಲೇಸು ಹಾಕುವ ಉಕ್ಕಿನ ಕಡ್ಡಿಗಳಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ. ಅಂಗಡಿಯಲ್ಲಿ "ಎಂಟು ನಂಬರ್ ಕೊಡ್ರಿ" ಅನ್ನುವ ಬದಲು ಮಿಲಿಮೀಟರ್ ಹೇಳಿ ಕೇಳಿ.

ಚಪ್ಪಲಿ ತುಸು ಅಲ್ಲ, ಹೆಚ್ಚುಕಡಿಮೆ ಇಮ್ಮಡಿ ಎತ್ತರ ಬೆಳೆದು ಜಾಳುಜಾಳಾಗಿದ್ದರೆ ದೋಷ ಕೈಯದಲ್ಲ, ಭಾಷೆಯದು. ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವ ಗಿಡ್ಡ ಟಾಕಿಯನ್ನೇ ಇಂಗ್ಲೆಂಡಿನವರು ಡಬಲ್ ಎನ್ನುತ್ತಾರೆ; ಅಮೆರಿಕದ ಡಬಲ್, ಅಂದರೆ ಎತ್ತರದ ಟಾಕಿ, ಅವರಿಗೆ ಟ್ರೆಬಲ್. ವಿಡಿಯೋ ಒಂದು ಕಡೆಯದು, ಬರೆದ ಮಾದರಿ ಇನ್ನೊಂದು ಕಡೆಯದು ಆದಾಗ ಈ ಎಡವಟ್ಟು. ಗುರುತು ಹಿಡಿಯುವುದು ಸುಲಭ: ಮಾದರಿಯಲ್ಲಿ ಎಲ್ಲಿಯಾದರೂ 'ಸಿಂಗಲ್' ಎಂಬ ಮಾತು ಬಂದರೆ ಅದು ಅಮೆರಿಕದ ಲೆಕ್ಕ. ಈ ದೋಷಕ್ಕೆ ಬಿಚ್ಚದೆ ಗತಿಯಿಲ್ಲ. ಈ ಬರಹದಲ್ಲಿ ನಾನು ಅಮೆರಿಕದ ಲೆಕ್ಕವನ್ನೇ ಹಿಡಿದಿದ್ದೇನೆ.

ಒಂದು ದೊಡ್ಡದು, ಒಂದು ಸಣ್ಣದು

ಎರಡನ್ನೂ ಅಂಗಾಲಿಗೆ ಅಂಗಾಲು ತಾಗಿಸಿ ಹಿಡಿಯಿರಿ. ಉದ್ದ ಬೇರೆಯೋ, ಅಗಲ ಬೇರೆಯೋ?

ಉದ್ದ ಬೇರೆಯಾದರೆ ಸಾಲು ಎಣಿಸಿ. ಸಿಂಗಲ್ ಕ್ರೋಶೆಯ ಒಂದು ಸಾಲು ಸುಮಾರು ಅರ್ಧ ಸೆಂಟಿಮೀಟರ್, ಎರಡು ಸಾಲು ತಪ್ಪಿದರೆ ಒಂದು ಸೆಂಟಿಮೀಟರ್ ಹೋಯಿತು. ಕಣ್ಣಳತೆ ನಂಬಬೇಡಿ, ಹತ್ತು ಸಾಲಿಗೊಂದು ಪಿನ್ನು ಚುಚ್ಚಿ. ಸಾಲು ಕಡಿಮೆಯಿದ್ದ ಕಡೆ ಹಿಮ್ಮಡಿಯ ಹೊಲಿಗೆಯನ್ನಷ್ಟೇ ಬಿಚ್ಚಿ ಎರಡು ಸಾಲು ಸೇರಿಸಿದರೆ ಮುಗಿಯಿತು.

ಅಗಲ ಬೇರೆಯಾದರೆ ಟಾಕಿ ಎಣಿಸಿ. 36 ಇರಬೇಕಾದಲ್ಲಿ 35, ಮುಂದೆ 34, ಹೀಗೆ ಇಳಿಯುತ್ತ ಹೋಗಿದ್ದರೆ ಸಾಲಿನ ಕೊನೆಯ ಟಾಕಿಯನ್ನು ಪ್ರತಿಸಲ ಬಿಟ್ಟಿದ್ದೀರಿ. ಏರುತ್ತ ಹೋಗಿದ್ದರೆ ಸುತ್ತು ಜೋಡಿಸುವ ಸ್ಲಿಪ್ ಸ್ಟಿಚ್ಚನ್ನೂ ಟಾಕಿ ಎಂದು ತಿಳಿದು ಅದರಲ್ಲೂ ಕಡ್ಡಿ ಹಾಕಿದ್ದೀರಿ. ಸುತ್ತಿನ ಮೊದಲ ಟಾಕಿಗೆ ಪಿನ್ನು ಹಾಕಿಟ್ಟರೆ ಎರಡೂ ನಿಲ್ಲುತ್ತವೆ.

ಟಾಕಿ, ಸಾಲು ಎರಡೂ ಸರಿಯಿದ್ದು ಚಪ್ಪಲಿ ಮಾತ್ರ ಬೇರೆಯಾದರೆ ತಕ್ಕಡಿಗೆ ಹಾಕಿ. ಭಾರವಾದದ್ದರಲ್ಲಿ ಪ್ರತಿ ಟಾಕಿಗೂ ಹೆಚ್ಚು ದಾರ ಹೋಗಿದೆ, ಅಂದರೆ ಅದನ್ನು ಸಡಿಲು ಕೈಯಲ್ಲಿ ಹಾಕಿದ್ದೀರಿ. ಒಂದನ್ನು ಮಧ್ಯಾಹ್ನ ಒಬ್ಬರೇ ಕೂತು, ಇನ್ನೊಂದನ್ನು ಸಂಜೆ ಧಾರಾವಾಹಿ ನೋಡುತ್ತ ಹಾಕಿದರೆ ಹೀಗೇ ಆಗುವುದು. ನಾನೀಗ ಎರಡು ಉಂಡೆ ಇಟ್ಟುಕೊಂಡು ಎರಡನ್ನೂ ಜೊತೆಜೊತೆಗೆ ಬೆಳೆಸುತ್ತೇನೆ. ಆಗಿಹೋದ ಜೋಡಿಗೆ ಉಪಾಯವೆಂದರೆ ದೊಡ್ಡದರ ಬಾಯಿಗೆ ಒಂದು ಸುತ್ತು ಬಿಗಿಯಾಗಿ ಸ್ಲಿಪ್ ಸ್ಟಿಚ್ ಹಾಕುವುದು. ಒಂದು ಸೆಂಟಿಮೀಟರ್ ಒಳಗಿನ ವ್ಯತ್ಯಾಸ ಹಾಕಿಕೊಂಡವರಿಗೆ ತಿಳಿಯುವುದಿಲ್ಲ. ಹಾಕಿಕೊಟ್ಟವರಿಗಷ್ಟೇ ತಿಳಿಯುತ್ತದೆ!

ಅಂಗಾಲು ಬಟ್ಟಲಿನಂತೆ ಮುದುಡುತ್ತದೆ, ಇಲ್ಲವೇ ಹಪ್ಪಳದಂತೆ ಏರಿಳಿಯುತ್ತದೆ

ಮುದುಡಿದರೆ ಹೆಚ್ಚಿಸುವ ಟಾಕಿ, ಅಂದರೆ ಒಂದೇ ಟಾಕಿಯಲ್ಲಿ ಎರಡು ಹಾಕುವುದು, ಸಾಲದು. ಅಲೆಅಲೆಯಾದರೆ ವಿಪರೀತ. ಸಿಂಗಲ್ ಕ್ರೋಶೆಯ ವೃತ್ತ 6ರಿಂದ ಶುರುವಾಗಿ ಸುತ್ತಿಗೆ 6ರಂತೆ ಹೆಚ್ಚಬೇಕು: 6, 12, 18, 24, 30, 36. ಡಬಲ್ ಆದರೆ ಸುತ್ತಿಗೆ 12. ಮೊಟ್ಟೆಯಾಕಾರದ ಅಂಗಾಲಿಗೂ ಸುತ್ತಿಗೆ ಆರೇ, ಆದರೆ ಬೆರಳಿನ ತುದಿಗೆ ಮೂರು, ಹಿಮ್ಮಡಿಗೆ ಮೂರು. ಪಕ್ಕಗಳಲ್ಲಿ ಏನೂ ಹೆಚ್ಚಿಸಬಾರದು. ವೃತ್ತ ದುಂಡಗಾಗದೆ ಆರು ಮೂಲೆಯದಾಗಿದ್ದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದ ಮೇಲೆ ಹೆಚ್ಚಿಸಿದ್ದೀರಿ. ಕಾಲಿಗೆ ಅದರಿಂದ ತೊಂದರೆಯಿಲ್ಲ, ಬಿಡಿ.

ಹಿಮ್ಮಡಿ ಕಳಚಿ ಕಳಚಿ ಬರುತ್ತದೆ

ಹೊಸದರಲ್ಲಿ ಸರಿಯಿದ್ದು ವಾರಕ್ಕೆ ಕಳಚತೊಡಗಿದರೆ ಬಾಯಿಯ ಅಂಚು ಹಿಗ್ಗಿದೆ. ಅಂಚಿನ ಸುತ್ತ ಎಂಟು ಟಾಕಿಗೊಂದರಂತೆ ಎರಡನ್ನು ಸೇರಿಸಿ ಒಂದು ಮಾಡುತ್ತ ಒಂದು ಸುತ್ತು ಹಾಕಿ. ಸಾಲದಿದ್ದರೆ ಚೈನಿನ ಲಾಡಿ ಹೆಣೆದು ಪೋಣಿಸಿ, ಮುಂದೆ ಗಂಟು ಕಟ್ಟಿ. ಲಾಡಿಯ ತುದಿ ನೆಲಕ್ಕೆ ತಾಗದಷ್ಟು ಗಿಡ್ಡವಿರಲಿ.

ಎಲಾಸ್ಟಿಕ್ ಹಾಕುವುದು ಸುಲಭ, ಆದರೆ ವಯಸ್ಸಾದವರಿಗೆ ನಾನು ಹಾಕುವುದಿಲ್ಲ. ಸಂಜೆ ಹೊತ್ತಿಗೆ ಪಾದ ಬಾಯುವವರಿಗೆ ಅದು ಬಳೆ ಕೊರೆದಂತೆ ಗುರುತು ಬೀಳಿಸುತ್ತದೆ. ಹಾಗೆ ಗುರುತು ಬಿದ್ದರೆ ಬಿಚ್ಚಿ ತೆಗೆಯಿರಿ. ಒಂದೇ ಕಾಲು ಏಕಾಏಕಿ ಬಾತು ನೋಯುತ್ತಿದ್ದರೆ ಚಪ್ಪಲಿಯ ಮಾತು ಅಲ್ಲಿಗೇ ನಿಲ್ಲಿಸಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹಾಕಿಕೊಂಡರೂ ಕಾಲು ತಣ್ಣಗೇ ಇರುತ್ತದೆ

"ಇಷ್ಟ್ ದಪ್ಪ ದಾರ ಹಾಕೀನಿ, ಆದ್ರೂ ಥಂಡಿ ಹೊಡೀತದ" ಎಂದು ನಮ್ಮ ಕಾಕಿ ಹೋದ ವರ್ಷ ಜೋಡಿಯನ್ನೇ ನನ್ನ ಮುಂದೆ ಒಗೆದಿದ್ದರು. ನಾನು ಮಾಡಿದ್ದು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ. ರಟ್ಟಿನ ಡಬ್ಬದಿಂದ ಪಾದದಳತೆಗೆ ಎರಡು ತುಂಡು ಕತ್ತರಿಸಿ ಒಳಗೆ ಹಾಕಿ, "ಇವತ್ತು ಸಂಜಿತನಾ ಹಾಕ್ಕೊಂಡ್ ನೋಡ್ರಿ ಕಾಕಿ" ಎಂದೆ. ರಟ್ಟು ಹಾಕಿದ ಮೇಲೆ ಬೆಚ್ಚಗಾದರೆ ದೋಷ ಅಂಗಾಲಿನದು. ಆಗಲೂ ತಣ್ಣಗಿದ್ದರೆ ಮೇಲ್ಭಾಗದ್ದು, ಇಲ್ಲವೇ ಒದ್ದೆಯದು.

ಉಲ್ಲನ್‌ನ ಬೆಚ್ಚಗೆ ದಾರದಲ್ಲಿರುವುದಿಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಲ್ಲಿರುತ್ತದೆ. ಪಾದದ ಮೇಲ್ಭಾಗದಲ್ಲಿ ಆ ಗಾಳಿ ಉಳಿಯುತ್ತದೆ. ಅಂಗಾಲಿನಡಿ ಮೈಭಾರಕ್ಕೆ ಎಳೆಗಳು ಅಪ್ಪಚ್ಚಿಯಾಗಿ ಗಾಳಿ ಹೊರಹೋಗುತ್ತದೆ, ಕೆಳಗಿನ ಫರಸಿ ಕಾಲಿನ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಎಷ್ಟು ದಪ್ಪ ದಾರ ಹಾಕಿದರೂ ಒಂದು ಪದರದ ಅಂಗಾಲು ವಾರದೊಳಗೆ ಚಪ್ಪಟೆಯಾಗುತ್ತದೆ. ಅದಕ್ಕೆ ಬೇಕಾದದ್ದು ಪದರ.

ಪದರಕ್ಕೆ ನಾವು ಊರು ಬಿಟ್ಟು ಹುಡುಕಬೇಕಿಲ್ಲ. ಕೌದಿ ಹೊಲಿಯುವ ಮನೆಯವರು ನಾವು. ಹಳೆ ಹತ್ತಿ ಸೀರೆ ಅಥವಾ ಧೋತರವನ್ನು ಆರೆಂಟು ಪದರ ಮಡಚಿ, ಪಾದದಳತೆಗೆ ಕತ್ತರಿಸಿ, ಕೌದಿಗೆ ಹಾಕುವ ಹಾಗೆ ಒತ್ತೊತ್ತಾಗಿ ದಾರ ಓಡಿಸಿ. ಇದನ್ನು ಚಪ್ಪಲಿಗೆ ಹೊಲಿಯಬೇಡಿ, ಒಳಗೆ ಸುಮ್ಮನೆ ಇಡಿ. ತೆಗೆದು ತೊಳೆದು ಬಿಸಿಲಿಗೆ ಹಾಕಬಹುದು. ಇದಕ್ಕಿಂತ ಬೆಚ್ಚಗಿರುವುದು ಹಳೆ ಕಂಬಳಿಯ ತುಂಡು. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ಶಾಲಿಗೆ ಆಗಿಬರುವುದಿಲ್ಲ. ಆ ಒರಟುತನವೇ ಅಂಗಾಲಿನಡಿ ಕೆಲಸಕ್ಕೆ ಬರುತ್ತದೆ, ಬೇಗ ಚಪ್ಪಟೆಯಾಗುವುದಿಲ್ಲ. ಕೆಳಗೆ ಕಂಬಳಿ, ಮೇಲೆ ಹತ್ತಿ: ಕಾಕಿಗೆ ಹಾಗೇ ಮಾಡಿಕೊಟ್ಟೆ. ರಟ್ಟನ್ನು ಪರೀಕ್ಷೆಗಷ್ಟೇ ಬಳಸಿ, ಬೆವರಿಗೆ ಮೆತ್ತಗಾಗಿ ಮುದ್ದೆಯಾಗುತ್ತದೆ.

ದೋಷ ಮೇಲ್ಭಾಗದ್ದಾದರೆ ಚಪ್ಪಲಿಯನ್ನು ಬಲ್ಬಿನ ಎದುರು ಹಿಡಿಯಿರಿ. ಜರಡಿಯಂತೆ ಬೆಳಕು ತೂರಿ ಬಂದರೆ ಡಬಲ್ ಕ್ರೋಶೆಯ ಕಿಂಡಿಗಳು ಅವು. ಮುಂದಿನ ಜೋಡಿಗೆ ಸಿಂಗಲ್ ಹಾಕಿ. ಬೆಳಕು ಬರದಿದ್ದರೂ ತಣ್ಣಗಿದ್ದರೆ ಒಳಗೆ ಕೈ ಹಾಕಿ ನೋಡಿ. ತೇವವಿದ್ದರೆ ಬೆವರು. ಅಕ್ರಿಲಿಕ್ ಎಂಬ ಕೃತಕ ಉಲ್ಲನ್ ದಾರ ಬೆವರನ್ನು ಹೀರಿಕೊಳ್ಳುವುದಿಲ್ಲ, ಹೀಗಾಗಿ ಒಳಗೊಂದು ಹತ್ತಿಯ ಪದರ ಬೇಕೇ ಬೇಕು.

ಚಪ್ಪಲಿಯಲ್ಲಿ ಏನೂ ದೋಷವಿಲ್ಲದೆ ಪಾದ ಮಾತ್ರ ಸದಾ ತಣ್ಣಗಿದ್ದು, ಜೋಮು ಹಿಡಿದು, ಬೆರಳು ಬಿಳಿಚಿಕೊಂಡು ಅಥವಾ ನೀಲಿಯಾಗಿ ಕಂಡರೆ ಅದನ್ನು ಕಡ್ಡಿ ದಾರದಿಂದ ಸರಿಪಡಿಸಲಾಗದು, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು. ಅವರ ಚಪ್ಪಲಿಯೊಳಗೆ ಗಂಟು, ದಪ್ಪ ಜೋಡಣೆ, ಮರೆತ ಪಿನ್ನು ಯಾವುದೂ ಇರಬಾರದು. ಗಾಯವಾದರೂ ಅವರಿಗೆ ತಿಳಿಯದು. ಬಿಸಿನೀರಿನ ಚೀಲದ ಮೇಲೆ ಅಥವಾ ಬೆಂಕಿಯ ಹತ್ತಿರ ಅವರ ಕಾಲು ಇಡಿಸಲೇಬೇಡಿ. ಇನ್ನು ಅಕ್ರಿಲಿಕ್ ಚಪ್ಪಲಿ ಹಾಕಿದವರು ಯಾರೇ ಇರಲಿ, ಚಳಿ ಕಾಯಿಸಲು ಬೆಂಕಿಗೆ ಕಾಲು ಚಾಚಬಾರದು. ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಫರಸಿ ಮೇಲೆ ಜಾರುತ್ತದೆ

ಉಳಿದ ದೋಷಗಳು ಭಾನುವಾರದ ತನಕ ಕಾಯಬಹುದು, ಇದು ಕಾಯುವಂಥದ್ದಲ್ಲ. ಓಡಾಡಿ ಓಡಾಡಿ ನುಣುಪಾದ ಶಹಾಬಾದ ಕಲ್ಲು, ಮೇಲೆ ಉಲ್ಲನ್! ನಾನೇ ಹಾಕಿಕೊಟ್ಟ ಜೋಡಿಯಲ್ಲಿ ನಮ್ಮ ಅತ್ತೆ ದೇವರ ಕೋಣೆಯ ಹೊಸ್ತಿಲ ಬಳಿ ಜಾರಿದರು. ಕೈಗೆ ಬಾಗಿಲು ಸಿಕ್ಕಿತು, ಅಷ್ಟಕ್ಕೇ ಮುಗಿಯಿತು. ಅಂದಿನಿಂದ ಅಂಗಾಲಿಗೆ ಹಿಡಿತ ಹಾಕದೆ ಒಂದು ಜೋಡಿಯನ್ನೂ ಕೊಟ್ಟಿಲ್ಲ.

ಚಪ್ಪಲಿಯೊಳಗೆ ಕೈ ಹಾಕಿ ನೆಲಕ್ಕೆ ಒತ್ತಿ ಮುಂದೆ ತಳ್ಳಿ. ಸಲೀಸಾಗಿ ಹೋದರೆ ಮೊದಲು ತಳದ ಧೂಳು ಕೊಡವಿ ಮತ್ತೆ ತಳ್ಳಿ. ಆಗಲೂ ಹೋದರೆ ಹಿಡಿತ ಬೇಕು. ಒಳಗೆ ಪತ್ರಿಕೆ ತುರುಕಿ ತಳವನ್ನು ಬಿಗಿ ಮಾಡಿ, ಕೊಳವೆಯಲ್ಲಿ ಬರುವ ಸಿಲಿಕೋನ್ ಸೀಲಂಟನ್ನು ಕಡಲೆಕಾಳಿನ ಗಾತ್ರದ ಚುಕ್ಕಿಗಳಾಗಿ ಬೆರಳಿನ ಬುಡಕ್ಕೆ, ಹಿಮ್ಮಡಿಗೆ ಹಾಕಿ, ಒಂದು ದಿನ ಪೂರ್ತಿ ಒಣಗಿಸಿ. ಕಿಟಕಿ ತೆರೆದಿರಲಿ, ವಾಸನೆ ಘಾಟು. ಕಟ್ಟಿಗೆಗೆ ಹಚ್ಚುವ ಬಿಳಿ ಅಂಟು ಬೇಡ. ಒಣಗಿದ ಮೇಲೆ ಗಟ್ಟಿಯಾಗಿ ಇನ್ನೂ ಜಾರುತ್ತದೆ, ತೊಳೆದರೆ ಬಿಟ್ಟುಕೊಳ್ಳುತ್ತದೆ.

ಚುಕ್ಕಿಗಳು ಸವೆಯುತ್ತಿದ್ದರೆ ಪಂಕ್ಚರ್ ಅಂಗಡಿಯಿಂದ ಹಳೆ ಸೈಕಲ್ ಟ್ಯೂಬು ತಂದು, ಸೋಪಿನಲ್ಲಿ ತೊಳೆದು, ಎರಡು ತುಂಡು ತಳಕ್ಕೆ ಹೊಲಿಯಿರಿ. ಕೈಗೆ ಬಗ್ಗದಿದ್ದರೆ ಚಪ್ಪಲಿ ಹೊಲಿಯುವವರಿಗೆ ಕೊಡಿ, ಅವರಿಗೆ ಅದು ಹತ್ತು ನಿಮಿಷದ ಕೆಲಸ. ತಿಳಿ ಬಣ್ಣದ ನೆಲದ ಮೇಲೆ ಕಪ್ಪು ಗೀರು ಬೀಳಬಹುದು.

ಎಷ್ಟೇ ಹಿಡಿತ ಹಾಕಿದರೂ ಬಚ್ಚಲಿಗೆ, ಒದ್ದೆ ನೆಲಕ್ಕೆ, ಮೆಟ್ಟಿಲಿಗೆ ಇವು ಬೇಡ. ಕೋಲು ಹಿಡಿದು ನಡೆಯುವವರಿಗೆ, ಹಿಂದೊಮ್ಮೆ ಬಿದ್ದವರಿಗೆ ಉಲ್ಲನ್ ಚಪ್ಪಲಿ ಹಾಸಿಗೆಯ ಮೇಲಿನ ಮಾತು; ನಡೆಯಲು ರಬ್ಬರ್ ತಳದ, ಹಿಮ್ಮಡಿ ಮುಚ್ಚಿದ ಪಾದರಕ್ಷೆಯೇ ಸರಿ. ಬಿದ್ದವರು ಸೊಂಟ ಅಥವಾ ತೊಡೆ ನೋವೆಂದರೆ ಎಬ್ಬಿಸಿ ನಡೆಸಬೇಡಿ, ಮಲಗಿಸಿಯೇ ಆಸ್ಪತ್ರೆಗೆ ಒಯ್ಯಬೇಕು.

ಬೆರಳ ತುದಿಯಲ್ಲಿ ತೂತು

ನಟ್ಟನಡುವೆ ದುಂಡಗೆ ತೂತಾಗಿದ್ದರೆ ಶುರುವಿನ ಉಂಗುರ ಸಡಿಲಾಗಿದೆ, ದಾರದ ತುದಿಯನ್ನು ಗಿಡ್ಡ ಕತ್ತರಿಸಿದ್ದರ ಫಲ. ಅದೇ ಬಣ್ಣದ ದಾರವನ್ನು ದಬ್ಬಣದಲ್ಲಿ ಪೋಣಿಸಿ ಆರೂ ಟಾಕಿಗಳ ಬುಡದಿಂದ ಎರಡು ಸುತ್ತು ತಂದು ಎಳೆಯಿರಿ, ಬಾಯಿ ಮುಚ್ಚುತ್ತದೆ. ತುದಿಯನ್ನು 15 ಸೆಂ.ಮೀ. ಬಿಟ್ಟು ಮೂರು ದಿಕ್ಕಿಗೆ ತಿರುಗಿಸಿ ಒಳಗೆ ಅಡಗಿಸಿ. ಗಂಟು ಹಾಕಬೇಡಿ, ಅಕ್ರಿಲಿಕ್‌ನಲ್ಲಿ ನಿಲ್ಲುವುದಿಲ್ಲ, ನಿಂತರೆ ಬೆರಳಿಗೆ ಒತ್ತುತ್ತದೆ.

ಪಕ್ಕದಲ್ಲಿ ಹರಿದಿದ್ದರೆ ಹೆಬ್ಬೆರಳಿನ ಉಗುರು. ಉಗುರು ಕತ್ತರಿಸಿ, ಆಮೇಲೆ ತೂತು ಹೊಲಿಯಿರಿ. ಹಿಂದುಮುಂದಾದರೆ ಮತ್ತೆ ಹರಿಯುತ್ತದೆ. ತೂತಿನ ಸುತ್ತಲೂ ದಾರ ಕೂದಲೆಳೆಯಷ್ಟು ತೆಳ್ಳಗಾಗಿದ್ದರೆ ತೇಪೆ ನಿಲ್ಲುವುದಿಲ್ಲ. ಹೊಸ ಅಂಗಾಲು ಬೇರೆ ಹೆಣೆದು ಹಳೆಯದರ ಮೇಲೆ ಹೊಲಿದುಬಿಡಿ, ಎರಡು ಪದರವಾಗಿ ಬೆಚ್ಚಗೂ ಇರುತ್ತದೆ.

ತೊಳೆದ ಮೇಲೆ ಕೆಟ್ಟಿತು

ಕುಗ್ಗಿ ದಪ್ಪ ಕಂಬಳಿಯಂತಾದರೆ ಅದು ನಿಜವಾದ ಉಣ್ಣೆ, ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿ ಎಳೆಗಳು ಹೆಣೆದುಕೊಂಡಿವೆ. ಹಿಂದಕ್ಕೆ ಬರುವುದಿಲ್ಲ, ಮಕ್ಕಳ ಕಾಲಿಗೆ ಹಾಕಿ ನೋಡಿ. ಜೋತುಬಿದ್ದು ಹೊಳೆಯುತ್ತಿದ್ದರೆ ಅಕ್ರಿಲಿಕ್‌ಗೆ ಬಿಸಿ ತಾಗಿದೆ. ಅದೂ ಹಿಂದಕ್ಕೆ ಬರುವುದಿಲ್ಲ. ಒಮ್ಮೆ ಅಂಚು ಸುರುಳಿ ಬರುತ್ತದೆಂದು ನಾನು ಇಸ್ತ್ರಿ ಒತ್ತಿದೆ, ಅಂಚು ನೆಟ್ಟಗಾಯಿತು, ಚಪ್ಪಲಿ ಒದ್ದೆ ಪೇಪರಿನಂತೆ ಸತ್ತುಬಿತ್ತು. ಅಪ್ಪಟ ಉಣ್ಣೆ ಎಂದು ಹೇಳಿ ಮಾರಿದ ದಾರ ಅದು!

ದಾರ ಯಾವುದೆಂದು ತಿಳಿಯಲು ಬೆರಳುದ್ದ ತುಂಡನ್ನು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಕಪ್ಪು ಮಣಿಯಾದರೆ ಅಕ್ರಿಲಿಕ್. ಪಕ್ಕದಲ್ಲಿ ನೀರಿರಲಿ, ಸೆರಗು ಕಟ್ಟಿಕೊಳ್ಳಿ, ಆ ಮಣಿಯನ್ನು ಆರುವ ತನಕ ಮುಟ್ಟಬೇಡಿ.

ಕುಗ್ಗದೆ, ಕರಗದೆ, ಸುಮ್ಮನೆ ಬಿರುಸಾಗಿದ್ದರೆ ಬೋರಿನ ಸವಳು ನೀರು ಕಾರಣ. ಸೋಪು ನೊರೆ ಬಾರದೆ ಎಳೆಗೆ ಅಂಟಿರುತ್ತದೆ. ಸೋಪು ಕಡಿಮೆ ಮಾಡಿ, ಕೊನೆಯ ಸಲ ಸಿಹಿನೀರಿನಲ್ಲಿ ಜಾಲಿಸಿ. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ತಂತಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.

ಚಪ್ಪಲಿ ಸರಿಯಿದೆ, ಕೈ ನೋಯುತ್ತಿದೆ

ಕಡ್ಡಿ ತೆಳುವಾಗಿದ್ದರೆ ಹಿಡಿಯುವ ಜಾಗಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಟ್ಟು ಏಳಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನ ನರ ಒತ್ತಿಕೊಂಡಿರಬಹುದು. ಹೆಣಿಗೆ ನಿಲ್ಲಿಸಿ. ಎರಡು ವಾರಕ್ಕೂ ಇಳಿಯದಿದ್ದರೆ, ಇಲ್ಲವೇ ಹಿಡಿದ ಲೋಟ ಕೈಯಿಂದ ಜಾರತೊಡಗಿದರೆ ಡಾಕ್ಟರಿಗೆ ತೋರಿಸಿ. ಅಷ್ಟರಲ್ಲಿ ಶಿವರಾತ್ರಿ ಬಂದು ಚಳಿ ಶಿವ ಶಿವ ಎಂದು ಹೋಗಿಬಿಡುತ್ತದೆ ಎಂಬ ಚಿಂತೆ ಬೇಡ. ಅರ್ಧ ಚಪ್ಪಲಿಯ ಕೊನೆಯ ಕುಣಿಕೆಗೆ ಪಿನ್ನು ಹಾಕಿ, ಎಷ್ಟನೆಯ ಸಾಲು, ಎಷ್ಟು ಟಾಕಿ, ಯಾವ ಕಡ್ಡಿ ಎಂದು ಚೀಟಿ ಬರೆದು ಒಳಗಿಡಿ. ಮುಂದಿನ ದೀಪಾವಳಿಗೆ ಅಲ್ಲಿಂದಲೇ ಶುರು ಮಾಡಬಹುದು.